ಹದಿಮೂರನೇ ನಂಬರಿನ ರಸ್ತೆಯ ಹಳೇ ಬಂಗಲೆಗಳು

ಮಂಗಳೂರಿನ ಬಲ್ಮಠದಿಂದ ಮಲ್ಲಿಕಟ್ಟೆ, ಕದ್ರಿ ದಾಟಿ ನಂತೂರಿಗೆ ಬಂದರೆ ಮೂಡುಬಿದಿರೆ ಕಡೆಗೆ ತಿರುಗುವ ರಸ್ತೆ ಸಿಗುತ್ತದೆ. ಈಗ ಅದರ ನಂಬರು 169. ಹಳಬರ ಬಾಯಲ್ಲಿ ಅದು ಇವತ್ತಿಗೂ 13, ಸೊಲ್ಲಾಪುರದ ರಸ್ತೆ. ಕಾರ್ಕಳ, ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗದ ತನಕ ಹಸಿರು ಬೆನ್ನು ಬಿಡುವುದಿಲ್ಲ. ಚಿತ್ರದುರ್ಗ ಬರುವಷ್ಟರಲ್ಲಿ ಕಣ್ಣಿಗೆ ಬೀಳುವುದು ಬಂಡೆ, ಜಾಲಿ, ಬಿಸಿಲು. ಅಲ್ಲಿಂದ ಹೊಸಪೇಟೆ, ಕುಷ್ಟಗಿ, ಇಳಕಲ್, ವಿಜಯಪುರ. ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಿನಿಂದ 600ರ ಆಸುಪಾಸಿನಲ್ಲೇ ವರ್ಷ ಕಳೆಯುವ ಸೀಮೆಗೆ ಒಂದೇ ದಾರಿ. ರಾಜಸ್ಥಾನ ಬಿಟ್ಟರೆ ಬರಕ್ಕೆ ಸಿಕ್ಕುವ ನೆಲ ಅತಿ ಹೆಚ್ಚು ಇರುವುದು ನಮ್ಮ ರಾಜ್ಯದಲ್ಲೇ. ಮರಳುಗಾಡು ನೋಡಲು ಜೈಸಲ್ಮೇರಿಗೆ ಹೊರಡುವ ನಮ್ಮವರಿಗೆ ಈ ದಾರಿಯನ್ನೂ ಒಮ್ಮೆ ಹಿಡಿಯಿರಿ ಎಂದು ಹೇಳಬೇಕೆನಿಸುತ್ತದೆ.

ಬಲ್ಮಠಕ್ಕೂ ಆ ಸೀಮೆಗೂ ನಂಟು ಹಳೆಯದು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡದವರೆಗೂ ಠಾಣೆ ಹಾಕಿದರು. ಅವರಲ್ಲಿ 1851ರಲ್ಲಿ ಬಂದ ಹ್ಯಾಲರ್ ಎಂಬಾತ ಇದೇ ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲಿ ಖಾಕಿ ಬಣ್ಣ ಕಂಡುಹಿಡಿದ ಎಂದು ಮಿಷನ್ನಿನ ಚರಿತ್ರೆ ಹೇಳುತ್ತದೆ. ಬಯಲುಸೀಮೆಯ ಬೇಸಿಗೆಯ ಬಣ್ಣ ಹುಟ್ಟಿದ್ದು ಇಷ್ಟು ಹಸಿರಾದ ಗುಡ್ಡದ ಮೇಲೆ!

ನನ್ನನ್ನು ಆ ದಾರಿಗೆ ಎಳೆದದ್ದು ಮಾತ್ರ ಒಂದು ಬಂಗಲೆಯ ಕತೆ. ಹೊಸಪೇಟೆಯಿಂದ ಹಂಪಿಗೆ ಹೋಗುವಾಗ ಸಿಗುವ ಕಮಲಾಪುರದಲ್ಲಿ, ಬ್ರಿಟಿಷರ ಕಾಲದ ಪ್ರವಾಸಿಗರು ಇಳಿದುಕೊಳ್ಳುತ್ತಿದ್ದ ಬಂಗಲೆ ಅಸಲಿಗೆ ಒಂದು ಶಿವನ ಗುಡಿ. 1824ರಿಂದ 1838ರವರೆಗೆ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎಫ್. ಡಬ್ಲ್ಯು. ರಾಬರ್ಟ್‌ಸನ್ ಅದನ್ನು ವಾಸದ ಮನೆಯಾಗಿ ಮಾರ್ಪಡಿಸಿದ. ಮುಂದೆ ಅದು ಲೋಕೋಪಯೋಗಿ ಇಲಾಖೆಯ ಬಂಗಲೆಯಾಯಿತು. ಹಂಪಿಯ ಅವಶೇಷ ನೋಡಲು ಬಂದವರು ರಾತ್ರಿ ಮಲಗಿದ್ದೂ ಆ ಅವಶೇಷಗಳಲ್ಲೊಂದರಲ್ಲೇ. ದೇವರಿಗೆಂದು ಎಬ್ಬಿಸಿದ ಕಲ್ಲು ದಾರಿಹೋಕನಿಗೆ ತಂಪು ಕೊಟ್ಟಿತು. ದಪ್ಪ ಕಲ್ಲಿನ ಗೋಡೆ ಹೊರಗಿನ ಬಿಸಿಲನ್ನು ಒಳಗೆ ಬಿಡುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಏಪ್ರಿಲ್ ತಿಂಗಳಲ್ಲಿ ಬಳ್ಳಾರಿ ಸೀಮೆಯಲ್ಲಿ ಓಡಾಡಿದವರಿಗೆ ಇದರ ಬೆಲೆ ಗೊತ್ತು. ಗುಡಿಯನ್ನು ಮನೆ ಮಾಡಿದ್ದು ಸರಿಯೇ ಎಂದು ಕೇಳಿದರೆ, ಅಲ್ಲವೇ ಅಲ್ಲ ಎನ್ನುತ್ತೇನೆ. ಆದರೂ ಆ ಕಟ್ಟಡದ ಕತೆ ಮನಸ್ಸಿನಿಂದ ಇಳಿಯುವುದಿಲ್ಲ.

ವಿಜಯಪುರದಲ್ಲೂ ಇದೇ ನಡೆಯಿತು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಈ ಊರಿಗೆ, ಅಂದಿನ ಬಿಜಾಪುರಕ್ಕೆ, ಬಂದಾಗ ಆದಿಲಶಾಹಿ ಅರಮನೆಗಳೇ ಸರ್ಕಾರಿ ಕಚೇರಿಗಳಾದವು, ಮಸೀದಿಯೊಂದು ಡಾಕ್ ಬಂಗಲೆಯಾಯಿತು. ಅದನ್ನು ಬಿಡಿಸಿದ್ದು ವೈಸರಾಯ್ ಕರ್ಜನ್. ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆ ಬಂದದ್ದೂ ಆತನ ಕಾಲದಲ್ಲೇ, 1904ರಲ್ಲಿ.

ಡಾಕ್ ಬಂಗಲೆಯ ಶಿಸ್ತು ನನಗೆ ಬಹಳ ಹಿಡಿಸಿದ ಸಂಗತಿ. ಗೋಡೆಗೆ ದರಪಟ್ಟಿ, ಮೇಜಿನ ಮೇಲೆ ರಿಜಿಸ್ಟರು. ಮೊದಲು ಬಂದವನು ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ, ದಣಿದು ಬಂದ ಹೊಸಬನಿಗೆ ಕೋಣೆ ಬಿಡಬೇಕಿತ್ತು. ಇದನ್ನೆಲ್ಲ ನಡೆಸುತ್ತಿದ್ದವನು ಬಂಗಲೆಯ ಮೇಟಿ. ಬೀಗ ತೆಗೆಯುವವನು, ಹಂಡೆಗೆ ನೀರು ತುಂಬಿ ಒಲೆ ಹೊತ್ತಿಸುವವನು, ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೆ ಅನ್ನ ಬೇಯಿಸಿ ಕೋಳಿಸಾರು ಮಾಡುವವನು ಅವನೇ. ಸುತ್ತಲಿನ ಯಾವ ಕೆರೆಯಲ್ಲಿ ನೀರಿದೆ, ಯಾವ ಹಳ್ಳ ದಾಟಬಹುದು ಎಂಬುದಕ್ಕೂ ಅವನನ್ನೇ ಕೇಳಬೇಕಿತ್ತು. ದೊಡ್ಡವರು ಉಳಿದುಕೊಂಡು ಹೋದ ಬಂಗಲೆಗಳ ಗೋಡೆಯ ಮೇಲೆ ಅವರ ಹೆಸರಿದೆ. ಅವರಿಗೆ ಬಿಸಿನೀರು ಕಾಯಿಸಿದ ಮೇಟಿಯ ಹೆಸರು ನನ್ನ ಕಣ್ಣಿಗೆ ಎಲ್ಲೂ ಬಿದ್ದಿಲ್ಲ.

ಊಟಕ್ಕೆ ಈಗ ದಾರಿಯಲ್ಲಿ ಕೊರತೆಯಿಲ್ಲ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನಡುನಡುವೆ ನಮ್ಮ ಕರಾವಳಿಯವರೇ ನಡೆಸುವ ಹೋಟೆಲು. ಐಷಾರಾಮ ಬೇಕೆನ್ನುವವರಿಗೆ ಸಂಡೂರಿನ ಘೋರ್ಪಡೆ ರಾಜಮನೆತನದ ಶಿವವಿಲಾಸ ಅರಮನೆಯೇ ಹೋಟೆಲ್ ಆಗಿದೆ. ಅರಮನೆಯ ದರ ಕೊಡಲಾಗದ, ಬೈಪಾಸಿನ ಲಾಡ್ಜ್ ಒಗ್ಗದ ಸಂಸಾರಸ್ಥ ಪ್ರಯಾಣಿಕರಿಗೆ ಒಂದು ಕಾಲದಲ್ಲಿ ಇದ್ದ ಜಾಗ ಪ್ರವಾಸಿ ಮಂದಿರ: ಎತ್ತರದ ಮಾಡು, ಅಗಲ ಜಗಲಿ, ಅಂಗಳದಲ್ಲಿ ಬೇವಿನ ಮರ. ಈಗ ಬಹಳಷ್ಟು ಕಡೆ ಅದು ಮಂತ್ರಿಗಳ, ಅಧಿಕಾರಿಗಳ ತಂಗುದಾಣ. ಕೆಲವು ಕಡೆ ಹಳೆಯದನ್ನು ಕೆಡವಿ ಕಾಂಕ್ರೀಟಿನದು ಕಟ್ಟಿದ್ದಾರೆ. ತಾಲ್ಲೂಕಿಗೆ ಒಂದು ಹಳೇ ಬಂಗಲೆಯನ್ನಾದರೂ ಇದ್ದ ಹಾಗೇ ದುರಸ್ತಿ ಮಾಡಿ, ಎರಡು ಕೋಣೆಗಳನ್ನು ಯಾವ ಶಿಫಾರಸೂ ಇಲ್ಲದೆ ಬರುವ ದಾರಿಹೋಕರಿಗೆ ಮೀಸಲಿಟ್ಟು, ಹಿಂದಿನಂತೆ ದರಪಟ್ಟಿ ತೂಗುಹಾಕಿದರೆ ಲೋಕೋಪಯೋಗಿ ಇಲಾಖೆಗೆ ದೊಡ್ಡ ಖರ್ಚೇನೂ ಬೀಳದು. ಈ ಕೆಲಸಕ್ಕೆ ತಡವಾಗಬಾರದು. ಉಳಿದಿರುವ ಬಂಗಲೆಗಳೇ ಕೆಲವು, ಹಂಡೆಯ ಒಲೆ ಹೊತ್ತಿಸಿ ಅಭ್ಯಾಸವಿರುವ ಮೇಟಿಗಳು ಇನ್ನೂ ಕಡಿಮೆ.