ಹಣಕಾಸಿನ ಅನುಭವ, ರಾಜಕೀಯದ ಹೊಣೆ

ಬ್ಯಾಂಕು, ವಿಮೆ, ಯೋಜನಾ ಆಯೋಗಗಳಲ್ಲಿ ಹೆಸರು ಮಾಡಿದವರು ಮಂತ್ರಿಪದವಿಗೇರಿದ ನಿದರ್ಶನಗಳು ಸ್ವತಂತ್ರ ಭಾರತದಲ್ಲಿ ಹಲವಾರಿವೆ. ಹಣದ ಲೆಕ್ಕ ಬಲ್ಲವರ ಕೈಯಲ್ಲಿ ಬೊಕ್ಕಸ ಸುಭದ್ರವೆಂಬುದು ಸಾಮಾನ್ಯ ನಂಬಿಕೆ. ಆದರೆ ಈ ಎರಡು ಕ್ಷೇತ್ರಗಳ ಹೊಣೆ ಒಂದೇ ಬಗೆಯದಲ್ಲ. ಬ್ಯಾಂಕಿನ ಮುಖ್ಯಸ್ಥ ಠೇವಣಿದಾರರ ಹಣಕ್ಕೆ ಹೊಣೆಗಾರ. ಮಂತ್ರಿಯಾದರೋ ಸದನಕ್ಕೆ, ಅದರ ಮೂಲಕ ಜನತೆಗೆ ಉತ್ತರ ಹೇಳಬೇಕು.

ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಸಿ.ಡಿ. ದೇಶಮುಖ್ 1943ರಿಂದ 1949ರವರೆಗೆ ಆ ಹುದ್ದೆಯಲ್ಲಿದ್ದರು. 1950ರಲ್ಲಿ ಅವರು ಕೇಂದ್ರದ ಹಣಕಾಸು ಸಚಿವರಾದರು. 1955ರಲ್ಲಿ ಸ್ಟೇಟ್ ಬ್ಯಾಂಕ್ ಸ್ಥಾಪನೆಯಾದದ್ದೂ, 1956ರ ಆರಂಭದಲ್ಲಿ ಜೀವವಿಮಾ ಉದ್ಯಮ ಸರ್ಕಾರದ ವಶಕ್ಕೆ ಬಂದದ್ದೂ ಅವರ ಅವಧಿಯಲ್ಲೇ. ಆದರೆ ಅವರು ಅಧಿಕಾರ ತ್ಯಜಿಸಲು ಕಾರಣ ಹಣಕಾಸಿನ ವಿಷಯವಾಗಿರಲಿಲ್ಲ. ಮುಂಬಯಿಯನ್ನು ಕೇಂದ್ರಾಡಳಿತ ಪ್ರದೇಶವನ್ನಾಗಿಸುವ ಪ್ರಸ್ತಾಪವನ್ನು ವಿರೋಧಿಸಿ ಅವರು 1956ರಲ್ಲಿ ರಾಜೀನಾಮೆ ನೀಡಿದರು.

ಕರ್ನಾಟಕದ ಕರಾವಳಿಯ ಟಿ.ಎ. ಪೈ ಅವರದು ಮತ್ತೊಂದು ಹಾದಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಪಿಗ್ಮಿ ಠೇವಣಿಯ ಮೂಲಕ ಸಣ್ಣ ಉಳಿತಾಯಗಾರರ ಮನೆಬಾಗಿಲಿಗೆ ತಲುಪಿದ್ದ ಸಿಂಡಿಕೇಟ್ ಬ್ಯಾಂಕನ್ನು ಅವರು ಮುನ್ನಡೆಸಿದರು. ಭಾರತೀಯ ಆಹಾರ ನಿಗಮದ ಮೊದಲ ಅಧ್ಯಕ್ಷರಾಗಿ, ಜೀವವಿಮಾ ನಿಗಮದ ಅಧ್ಯಕ್ಷರಾಗಿ ದುಡಿದು, 1972ರಲ್ಲಿ ರೈಲ್ವೆ ಸಚಿವರಾದರು. 1977ರಲ್ಲಿ ಉಡುಪಿಯಿಂದ ಲೋಕಸಭೆಗೆ ಆಯ್ಕೆಯಾದರು.

ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಡಾ. ಮನಮೋಹನ ಸಿಂಗ್ ಅವರ ಉದಾಹರಣೆ. 1982ರಿಂದ 1985ರವರೆಗೆ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ಅವರು, 1991ರ ಜೂನ್‌ನಲ್ಲಿ ಹಣಕಾಸು ಸಚಿವರಾದಾಗ ಸಂಸತ್ತಿನ ಸದಸ್ಯರೇ ಆಗಿರಲಿಲ್ಲ. ಆರು ತಿಂಗಳೊಳಗೆ ಸದಸ್ಯತ್ವ ಪಡೆಯಬೇಕೆಂಬುದು ಸಂವಿಧಾನದ 75ನೇ ವಿಧಿಯ ನಿಯಮ. ಅದರಂತೆ ಅವರು ಅದೇ ವರ್ಷ ಅಸ್ಸಾಮಿನಿಂದ ರಾಜ್ಯಸಭೆ ಪ್ರವೇಶಿಸಿದರು.

ವಿದೇಶಿ ವಿನಿಮಯ ಸಂಗ್ರಹ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಿದ್ದ ಕಾಲವದು. ಜುಲೈ 24ರ ಬಜೆಟ್‌ನಲ್ಲಿ ರಸಗೊಬ್ಬರದ ಬೆಲೆಯನ್ನು ಶೇ. 40ರಷ್ಟು ಏರಿಸಲಾಯಿತು. ಲೆಕ್ಕದ ದೃಷ್ಟಿಯಿಂದ ಅದು ಅಗತ್ಯವೆನಿಸಿತ್ತು. ಆದರೆ ಆಡಳಿತ ಪಕ್ಷದೊಳಗಿನಿಂದಲೇ ವಿರೋಧ ಎದ್ದಿತು; ಏರಿಕೆಯನ್ನು ಶೇ. 30ಕ್ಕೆ ಇಳಿಸಿ, ಸಣ್ಣ ಮತ್ತು ಅತಿಸಣ್ಣ ರೈತರಿಗೆ ವಿನಾಯಿತಿ ನೀಡಬೇಕಾಯಿತು. ಅರ್ಥಶಾಸ್ತ್ರಜ್ಞನ ಅಂಕಿಅಂಶ ಸದನದಲ್ಲಿ ರೈತನ ಬದುಕಿನೊಡನೆ ಮುಖಾಮುಖಿಯಾದ ಸಂದರ್ಭವಿದು. 1999ರಲ್ಲಿ ದಕ್ಷಿಣ ದೆಹಲಿಯಿಂದ ಲೋಕಸಭೆಗೆ ಸ್ಪರ್ಧಿಸಿದ ಸಿಂಗ್ ಸೋತರು. 2004ರಲ್ಲಿ ಪ್ರಧಾನಿಯಾದಾಗಲೂ ರಾಜ್ಯಸಭೆಯ ಸದಸ್ಯರಾಗಿಯೇ ಇದ್ದರು.

ದೇಶಮುಖ್ ಮತ್ತು ಸಿಂಗ್ ಇಬ್ಬರೂ ಎರಡು ಕ್ಷೇತ್ರಗಳನ್ನು ಒಂದಾದ ಮೇಲೊಂದರಂತೆ ನಿರ್ವಹಿಸಿದರೆಂಬುದು ಗಮನಾರ್ಹ. ರಿಸರ್ವ್ ಬ್ಯಾಂಕಿನ ವಿಷಯದಲ್ಲಂತೂ ಕಾನೂನೇ ಗೆರೆ ಎಳೆದಿದೆ. ಸಂಸತ್ತಿನ ಅಥವಾ ರಾಜ್ಯ ಶಾಸಕಾಂಗದ ಸದಸ್ಯರು ಅದರ ನಿರ್ದೇಶಕರಾಗಿ ಮುಂದುವರಿಯುವಂತಿಲ್ಲ. ನಿರ್ದೇಶಕರು ಶಾಸನಸಭೆಗೆ ಆಯ್ಕೆಯಾದರೆ ಆ ಸ್ಥಾನ ತಾನಾಗಿ ತೆರವಾಗುತ್ತದೆ. ಮತ ಕೇಳುವವರ ಕೈಯಲ್ಲೇ ನೋಟು ಹೊರಡಿಸುವ ಅಧಿಕಾರವೂ ಇದ್ದರೆ ಹಣದುಬ್ಬರದ ಹೊರೆ ಬೀಳುವುದು ಸಾಮಾನ್ಯರ ಉಳಿತಾಯದ ಮೇಲೆ.

ಹಣಕಾಸಿನ ಪರಿಣತಿ ವ್ಯಕ್ತಿಯನ್ನು ಅಧಿಕಾರದ ಬಾಗಿಲವರೆಗೆ ತಲುಪಿಸಬಲ್ಲದು. ಯಾರಿಗೆ ಎಷ್ಟು ಹೊರೆ, ಯಾರಿಗೆ ವಿನಾಯಿತಿ ಎಂಬುದನ್ನು ನಿರ್ಧರಿಸುವ ಹಕ್ಕು ಮಾತ್ರ ಜನಪ್ರತಿನಿಧಿಗಳ ಒಪ್ಪಿಗೆಯಿಂದಲೇ ಬರಬೇಕು.