ಕಿರುಮಾದರಿಗಳಿಗೆ ಮನೆಯಲ್ಲೊಂದು ನೆಲೆ

ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ, ಉಜ್ಜಿ ನಯಗೊಳಿಸಿ, ಬಣ್ಣ ಹಚ್ಚಿ ವಿಮಾನವನ್ನೋ ಹಡಗನ್ನೋ ಕಿರಿದಾಗಿ ಮರುಸೃಷ್ಟಿಸುವ ಹವ್ಯಾಸದಲ್ಲಿ, ಮಾಡುವ ವಿಧಾನದ ಕುರಿತು ನಡೆಯುವಷ್ಟು ಚರ್ಚೆ ಮಾಡಿ ಮುಗಿಸಿದ್ದನ್ನು ಎಲ್ಲಿಡಬೇಕೆಂಬುದರ ಕುರಿತು ನಡೆಯುವುದಿಲ್ಲ. ಆದರೆ ಎರಡು ಕೋಣೆಗಳ ಮನೆಯಲ್ಲಿ ಈ ಹವ್ಯಾಸ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಬಹುಮಟ್ಟಿಗೆ ಈ ಜಾಗದ ಪ್ರಶ್ನೆಯೇ ನಿರ್ಧರಿಸುತ್ತದೆ. ಕಪಾಟಿನ ಅಳತೆ ತಿಳಿಯದೆ ಕಿಟ್ ಕೊಳ್ಳುವುದು, ಗೋಡೆಯ ಅಳತೆ ತಿಳಿಯದೆ ಬಾಗಿಲು ಮಾಡಿಸಿದಷ್ಟೇ ಅವಿವೇಕದ ಕೆಲಸ.

ಈ ಲೆಕ್ಕದ ಮೂಲ ಪ್ರಮಾಣದಲ್ಲಿದೆ. 1936ರಲ್ಲಿ ಬ್ರಿಟನ್ನಿನ ಫ್ರಾಗ್ ಸಂಸ್ಥೆ ತನ್ನ ಪೆಂಗ್ವಿನ್ ಶ್ರೇಣಿಯ ಪ್ಲಾಸ್ಟಿಕ್ ಕಿಟ್‌ಗಳಿಗೆ ಬಳಸಿದ, 1953ರಲ್ಲಿ ಏರ್‌ಫಿಕ್ಸ್ ತನ್ನ ಸ್ಪಿಟ್‌ಫೈರ್ ಕಿಟ್ಟಿಗೂ ಆರಿಸಿಕೊಂಡ 1/72 ಪ್ರಮಾಣದಲ್ಲಿ, ನಿಜವಸ್ತುವಿನ ಆರು ಅಡಿ ಮಾದರಿಯಲ್ಲಿ ಒಂದು ಅಂಗುಲವಾಗುತ್ತದೆ. ಇದರ ಅರ್ಥ ಮನೆಯ ಹಲಗೆಯ ಮೇಲೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನಲ್ಲೇ ಹುಟ್ಟಿದ ಒಂದು ವಿಮಾನದಿಂದ ತಿಳಿಯಬಹುದು. ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ರೂಪಿಸಿ, 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿಸಿದ ಎಚ್‌ಎಫ್-24 ಮಾರುತ್ ಯುದ್ಧವಿಮಾನ 15.87 ಮೀಟರ್ ಉದ್ದ, 9 ಮೀಟರ್ ರೆಕ್ಕೆಹರವು ಹಾಗೂ 3.6 ಮೀಟರ್ ಎತ್ತರದ್ದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಅದನ್ನು ಕಂಡವರಿಗೆ ಅದರ ನೀಳ ಒಡಲು ನೆನಪಿರುತ್ತದೆ. ಅದನ್ನು 1/72ರಲ್ಲಿ ಮಾಡಿದರೆ 22 ಸೆಂಟಿಮೀಟರ್ ಉದ್ದ, 12.5 ಸೆಂಟಿಮೀಟರ್ ಅಗಲವಾಗುವುದರಿಂದ, 90 ಸೆಂಟಿಮೀಟರ್ ಅಗಲ ಮತ್ತು 30 ಸೆಂಟಿಮೀಟರ್ ಆಳದ ಸಾಮಾನ್ಯ ಹಲಗೆಯ ಮೇಲೆ, ನಡುನಡುವೆ ಎರಡು ಸೆಂಟಿಮೀಟರ್ ಬಿಟ್ಟರೂ, ಅಂತಹ ಆರು ವಿಮಾನಗಳು ಸಾಲಾಗಿ ನಿಲ್ಲುತ್ತವೆ. ಅದೇ ವಿಮಾನವನ್ನು 1/48ರಲ್ಲಿ ಮಾಡಿದರೆ ಅದರ ಉದ್ದ 33 ಸೆಂಟಿಮೀಟರ್ ಆಗಿ, ಮೂತಿ ಹಲಗೆಯಿಂದ ಮೂರು ಸೆಂಟಿಮೀಟರ್ ಹೊರಚಾಚಿ, ಕಪಾಟಿನ ಬಾಗಿಲು ಮುಚ್ಚುವುದೇ ಇಲ್ಲ. ಪ್ರಮಾಣ ಒಂದೂವರೆ ಪಟ್ಟು ಹಿಗ್ಗಿದಾಗ ಬೇಕಾಗುವ ನೆಲ ಎರಡೂಕಾಲು ಪಟ್ಟಾಗುತ್ತದೆ ಎಂಬುದನ್ನು ಅಂಗಡಿಯಲ್ಲಿ ಪೆಟ್ಟಿಗೆಯ ಮೇಲಿನ ಚಿತ್ರ ಯಾರಿಗೂ ಹೇಳುವುದಿಲ್ಲ.

ಎತ್ತರದ ವಿಚಾರದಲ್ಲಿ ಪರಿಸ್ಥಿತಿ ತದ್ವಿರುದ್ಧ. ಪುಸ್ತಕಕ್ಕೆಂದು ಮಾಡಿಸಿದ ಕಪಾಟಿನಲ್ಲಿ ಹಲಗೆಗಳ ನಡುವೆ ಸುಮಾರು 30 ಸೆಂಟಿಮೀಟರ್ ಅಂತರವಿದ್ದರೆ, ಐದು ಸೆಂಟಿಮೀಟರ್ ಎತ್ತರದ ಮಾರುತ್ ಮಾದರಿಯ ಮೇಲೆ 25 ಸೆಂಟಿಮೀಟರ್ ಬರಿಯ ಗಾಳಿ ಉಳಿಯುತ್ತದೆ. ಕಿರುಮಾದರಿಗಳು ಹಗುರವಾದ್ದರಿಂದ ನಡುವೆ ಒಂದು ಗಾಜಿನ ಹಲಗೆ ಕೂರಿಸಿದರೆ ಮನೆಯ ನೆಲವನ್ನು ಒಂದಿಂಚೂ ಕಬಳಿಸದೆ ಜಾಗ ಇಮ್ಮಡಿಯಾಗುತ್ತದೆ, ಗಾಜಿನ ಮೂಲಕ ಬೆಳಕೂ ಕೆಳಗಿಳಿಯುತ್ತದೆ. ಮೂರು ಅಂತಸ್ತು ಮಾಡುವ ಆಸೆಯನ್ನು ಮಾತ್ರ ಬಿಡಬೇಕು; ಲೆಕ್ಕದಲ್ಲಿ ಮೂರೂ ಹಿಡಿಯುತ್ತವೆ, ಆದರೆ ಮಾದರಿಯನ್ನು ಹಿಡಿದ ಕೈ ಒಳಗೆ ಹೋಗಿ ಬರಲು ತಾವಿರುವುದಿಲ್ಲ, ಮತ್ತು ಮುರಿಯುವ ಮಾದರಿಗಳಲ್ಲಿ ಬಹುಪಾಲು ಮುರಿಯುವುದು ಇಡುವಾಗ, ತೆಗೆಯುವಾಗ.

ದೊಡ್ಡ ವಸ್ತುಗಳಿಗೆ ಹೀಗೆ ಹಲಗೆ ಹೊಂದಿಸಿ ಪ್ರಯೋಜನವಿಲ್ಲ, ಪ್ರಮಾಣವನ್ನೇ ಬದಲಿಸಬೇಕು. 70 ಮೀಟರಿಗೂ ಮಿಗಿಲಾದ ಬೋಯಿಂಗ್ 747 ವಿಮಾನ 1/72ರಲ್ಲಿ ಒಂದು ಮೀಟರಿಗೆ ಹತ್ತಿರವಾಗುತ್ತದೆ, 1/144ರಲ್ಲಿ ಅರ್ಧ ಮೀಟರಿಗೆ ಇಳಿಯುತ್ತದೆ. ಹಡಗುಗಳ ಮಟ್ಟಿಗೆ ಜಪಾನಿನ ಷಿಜುವೊಕಾದ ತಯಾರಕರು 1971ರಲ್ಲಿ ಒಟ್ಟಾಗಿ ಹೊರತಂದ 1/700 ಪ್ರಮಾಣದ ‘ವಾಟರ್‌ಲೈನ್’ ಶ್ರೇಣಿ ಜಾಗದ ದೃಷ್ಟಿಯಿಂದ ಬಹಳ ಜಾಣತನದ್ದು: ನೀರಿನ ಮಟ್ಟದಿಂದ ಕೆಳಗಿನ ಒಡಲನ್ನು ಕೈಬಿಟ್ಟು ಮೇಲಿನ ಭಾಗವನ್ನಷ್ಟೇ ಕೊಡುವುದರಿಂದ ಆಧಾರಪೀಠವಿಲ್ಲದೆ ಹಡಗು ಹಲಗೆಯ ಮೇಲೆ ಸಮುದ್ರದಲ್ಲಿದ್ದಂತೆ ಕೂರುತ್ತದೆ. 262 ಮೀಟರಿನ ಐಎನ್‌ಎಸ್ ವಿಕ್ರಾಂತ್‌ನಂತಹ ವಿಮಾನವಾಹಕ ನೌಕೆಯೂ ಈ ಪ್ರಮಾಣದಲ್ಲಿ 37 ಸೆಂಟಿಮೀಟರಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಇದಕ್ಕಿಂತಲೂ ಹಳೆಯ ಉಪಾಯ ಹಡಗುಕಟ್ಟೆಗಳಿಂದ ಬಂದದ್ದು. ಅಲ್ಲಿ ಒಡಲಿನ ಆಕಾರವನ್ನು ನಿರ್ಧರಿಸಲು ಉದ್ದಕ್ಕೆ ಸೀಳಿದ ಅರ್ಧಮಾದರಿಯನ್ನು ಮರದಲ್ಲಿ ಕೆತ್ತಿ ಹಲಗೆಗೆ ಬಿಗಿಯುತ್ತಿದ್ದರು. ಆ ಅರ್ಧಮಾದರಿ ಇಂದಿಗೂ ಚಿತ್ರಪಟದಂತೆ ಗೋಡೆಯ ಮೇಲೆ ತೂಗಬಲ್ಲದು.

ಇಷ್ಟೆಲ್ಲ ಮಾಡಿದರೂ ಒಂದು ದಿನ ಹಲಗೆ ತುಂಬಿಯೇ ತುಂಬುತ್ತದೆ, ಆಗ ಎಲ್ಲವನ್ನೂ ಎಲ್ಲ ಕಾಲಕ್ಕೂ ಕಣ್ಣೆದುರಿಗೆ ಇಟ್ಟುಕೊಳ್ಳಬೇಕೆಂಬ ಹಟವನ್ನು ಬಿಡುವುದೇ ಉಳಿದಿರುವ ದಾರಿ. ಹಳೆಯ ಮೈಸೂರು ಸೀಮೆಯ ಮನೆಗಳಿಗೆ ಇದು ಹೊಸ ಪಾಠವೇನಲ್ಲ. ನವರಾತ್ರಿಯಲ್ಲಿ ಅಟ್ಟದಿಂದ ಇಳಿದು, ಬೆಸಸಂಖ್ಯೆಯ ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆಗಳ ಸುತ್ತ ಕೂರುವ ದಸರಾ ಗೊಂಬೆಗಳು, ಹಬ್ಬ ಮುಗಿದೊಡನೆ ಮೆತ್ತನೆಯ ಹಳೆಯ ಬಟ್ಟೆ ಸುತ್ತಿಸಿಕೊಂಡು ಪೆಟ್ಟಿಗೆ ಸೇರುತ್ತವೆ; ಅವು ತಲೆಮಾರುಗಳನ್ನು ದಾಟಿ ಬಂದಿರುವುದು ಪ್ರದರ್ಶನದ ಒಂಬತ್ತು ದಿನಗಳಿಗೆ ಸಲ್ಲುವಷ್ಟೇ ಆಸ್ಥೆ ಪೆಟ್ಟಿಗೆಯ ಉಳಿದ ದಿನಗಳಿಗೂ ಸಂದದ್ದರಿಂದ. ಕಿರುಮಾದರಿಗಳನ್ನೂ ಹೀಗೆ ಸರದಿಯ ಮೇಲೆ ಹೊರಗಿಟ್ಟರೆ ಹಲಗೆಯ ಮೇಲೆ ಇಕ್ಕಟ್ಟಿರುವುದಿಲ್ಲ, ಮತ್ತು ಇಕ್ಕಟ್ಟಿಲ್ಲದ ಹಲಗೆಯ ಮೇಲೆ ಮಾತ್ರ ಒಂದು ಮಾದರಿಯನ್ನು ನಿಜವಾಗಿ ನೋಡಲು ಸಾಧ್ಯ.

ಆದರೆ ಗೊಂಬೆಯ ಪೆಟ್ಟಿಗೆಯಿಂದ ಒಂದು ರೂಢಿಯನ್ನು ಎರವಲು ತರಲೇಬಾರದು: ನುಸಿಗುಳಿಗೆ. ಬಟ್ಟೆಯ ಹುಳುವನ್ನು ಓಡಿಸುವ ನ್ಯಾಫ್ತಲೀನ್ ಗುಳಿಗೆ ನಿಧಾನವಾಗಿ ಆವಿಯಾಗುತ್ತದೆ, ಆ ಆವಿ ಬಹುತೇಕ ಕಿಟ್‌ಗಳ ವಸ್ತುವಾದ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಬಲ್ಲದು. ಕಿರುಮಾದರಿಗೆ ಕೇಡು ಬರುವುದು ಹೆಚ್ಚಾಗಿ ಹೀಗೆ ಸಹವಾಸದಿಂದಲೇ. ಟ್ಯಾಂಕಿನ ಸರಪಳಿ ಅಥವಾ ವಿಮಾನದ ಟೈರುಗಳನ್ನು ಮೆದು ವಿನೈಲ್‌ನಲ್ಲಿ ಮಾಡಿರುವ ಕಿಟ್‌ಗಳಲ್ಲಿ, ವಿನೈಲನ್ನು ಮೆದುವಾಗಿಡಲು ಬೆರೆಸಿದ ದ್ರವ ವರ್ಷಗಟ್ಟಲೆ ಒಸರಿ, ತಾಗಿಕೊಂಡ ಗಟ್ಟಿ ಪ್ಲಾಸ್ಟಿಕ್ ಚಕ್ರವನ್ನು ಕರಗಿಸಿಬಿಡುತ್ತದೆ. ಹಲಗೆಯ ಮೇಲೆ ಹಾಸುವ ಮೆದು ಪಿವಿಸಿ ಹಾಳೆಯೂ ಮಾದರಿಯ ತಳಕ್ಕೆ ಇದನ್ನೇ ಮಾಡಬಲ್ಲದು. ಇನ್ನೂ ವಿಚಿತ್ರವಾದದ್ದು ಸೀಸದ ಕಥೆ. ಮೂತಿಯಡಿ ಗಾಲಿ ಇರುವ ವಿಮಾನದ ಮಾದರಿ ಬಾಲದ ಮೇಲೆ ಕುಸಿಯದಿರಲೆಂದು ಮೂತಿಯೊಳಗೆ ಸೀಸದ ಸಣ್ಣ ಗುಂಡುಗಳನ್ನು ತುಂಬಿ, ಬಡಗಿಗಳು ಬಳಸುವ ಬಿಳಿ ಅಂಟು ಸುರಿದು ಮುಚ್ಚುವುದುಂಟು. ಆ ಅಂಟಿನಿಂದ ಹೊಮ್ಮುವ ಅಸಿಟಿಕ್ ಆಮ್ಲ, ಅಂದರೆ ವಿನೆಗರಿಗೆ ಹುಳಿ ಕೊಡುವ ಆಮ್ಲ, ಮುಚ್ಚಿದ ಜಾಗದಲ್ಲಿ ಸೀಸವನ್ನು ಮೆಲ್ಲಗೆ ತಿಂದು ಬಿಳಿಯ ಪುಡಿಯಾಗಿಸುತ್ತದೆ, ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ವರ್ಷಗಳ ಬಳಿಕ ಮೂತಿ ತಾನಾಗಿ ಬಿರಿಯುತ್ತದೆ. ಮರ, ಪ್ಲೈವುಡ್, ಎಂಡಿಎಫ್ ಹಲಗೆಗಳೂ ಇಂತಹ ಆಮ್ಲದ ಆವಿಯನ್ನು ಬಿಡುತ್ತವೆ. ಆದ್ದರಿಂದ ಸೀಸದ ಭಾಗಗಳಿರುವ ಹಡಗಿನ ಮಾದರಿಗಳಿಗೆ ಗಾಜು ಮತ್ತು ಬಣ್ಣ ಬೇಯಿಸಿದ ಉಕ್ಕಿನ ಕಪಾಟೇ ಲೇಸು. ಹೊಸ ಮರದ ಕಪಾಟಾದರೆ ಬಳಸುವ ಮೊದಲು ಕೆಲವು ವಾರ ಬಾಗಿಲು ತೆರೆದಿಟ್ಟು ಆರಗೊಡಬೇಕು.

ಬೆಳಕಿನ ಬಗ್ಗೆ ಹೇಳಬೇಕಾದ್ದು ಕಡಿಮೆ: ಕಿಟಕಿಯ ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಬಿಳಿ ಪ್ಲಾಸ್ಟಿಕ್ಕನ್ನೂ ಪಾರದರ್ಶಕ ಭಾಗಗಳನ್ನೂ ಹಳದಿಯಾಗಿಸುತ್ತದೆ, ಬಿಸಿಯಾಗದ ಎಲ್‌ಇಡಿ ದೀಪ ಸಾಕು. ಧೂಳು ಮಾತ್ರ ನಮ್ಮ ಊರುಗಳಲ್ಲಿ ನಿತ್ಯದ ಹೋರಾಟ. ತೆರೆದ ಹಲಗೆಯ ಮೇಲಿನ ಮಾದರಿಯನ್ನು ಪದೇಪದೇ ಒರೆಸುವ ಕೈಯೇ ಕೊನೆಗೆ ಅದನ್ನು ಮುರಿಯುವುದರಿಂದ, ಬಾಗಿಲಿನ ಸಂದುಗಳಿಗೆ ಪಟ್ಟಿ ಅಂಟಿಸಿದ ಮುಚ್ಚಿದ ಕಪಾಟು ಐಷಾರಾಮವಲ್ಲ, ಅಗತ್ಯ. ಗಾಜಿನ ಬದಲು ಅಕ್ರಿಲಿಕ್ ಹಾಳೆ ಬಳಸುವವರು ಅದನ್ನು ಒಣಬಟ್ಟೆಯಿಂದ ಉಜ್ಜಬಾರದು. ಗೀರು ಬೀಳುವುದಲ್ಲದೆ, ಉಜ್ಜಿದಾಗ ಹುಟ್ಟುವ ವಿದ್ಯುದಾವೇಶ ಇನ್ನಷ್ಟು ಧೂಳನ್ನು ಎಳೆದುಕೊಳ್ಳುತ್ತದೆ. ಮಂಗಳೂರು, ಉಡುಪಿಯಂತಹ ಕರಾವಳಿಯ ಊರುಗಳಲ್ಲಿ ಮಳೆಗಾಲದ ಬೂಷ್ಟಿಗೆ ಸಿಲಿಕಾ ಜೆಲ್ ಪೊಟ್ಟಣ ಬೇಕಾಗುತ್ತದೆ, ಅದು ತೇವ ಹೀರಿ ಬಣ್ಣ ಬದಲಿಸಿದಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು.

ಸರದಿಯಿಂದ ಇಳಿದ ಮಾದರಿಗಳಿಗೆ ಅಡುಗೆಮನೆಯ ಪಾಲಿಪ್ರೊಪಿಲೀನ್ ಡಬ್ಬಿಗಳು ಚೆನ್ನಾಗಿ ಒದಗುತ್ತವೆ. ಡಬ್ಬಿಯನ್ನು ಬೋರಲು ಹಾಕಿ, ಮುಚ್ಚಳವನ್ನೇ ನೆಲವಾಗಿ ಬಳಸಿ, ಮಾದರಿಯ ಗಾಲಿಗಳನ್ನು ಮೆತ್ತನೆಯ ಹತ್ತಿಪಟ್ಟಿಯಿಂದ ಆ ಮುಚ್ಚಳಕ್ಕೆ ಬಿಗಿದರೆ, ತೆಗೆಯುವಾಗ ಆಳಕ್ಕೆ ಕೈಹಾಕುವ ಪ್ರಮೇಯವೇ ಬರುವುದಿಲ್ಲ. ಡಬ್ಬಿ ಮೇಲಕ್ಕೆತ್ತಿದರೆ ವಿಮಾನ ತನ್ನ ಗಾಲಿಗಳ ಮೇಲೆ ನಿಂತಿರುತ್ತದೆ. ಗುಳ್ಳೆಗಳ ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಸುತ್ತಿದರೆ ಮಾಸಲು ಬಣ್ಣದ ಮೇಲೆ ಗುಳ್ಳೆಗಳ ಅಚ್ಚು ಮೂಡುವುದರಿಂದ ಒಳಗೆ ತೆಳುಕಾಗದ ಬೇಕು. ಡಬ್ಬಿಯ ಹೊರಗೆ ಮಾದರಿಯ ಹೆಸರಿನ ಜೊತೆಗೆ ಬಳಸಿದ ಬಣ್ಣಗಳು, ಮೂತಿಯಲ್ಲಿ ತುಂಬಿದ ಭಾರ ಯಾವುದು ಎಂಬುದನ್ನು ಬರೆದಿಟ್ಟರೆ ಮುಂದೆ ದುರಸ್ತಿ ಮಾಡುವವರಿಗೆ ಊಹೆಯ ಕಷ್ಟ ತಪ್ಪುತ್ತದೆ. ವಿಮಾನದಲ್ಲಿ ಎಲ್ಲಕ್ಕಿಂತ ಮೊದಲು ಮುರಿಯುವುದು ಪಿಟೊ ಕೊಳವೆ, ಅಂದರೆ ಎದುರುಗಾಳಿಯ ಒತ್ತಡ ಹಿಡಿದು ವೇಗ ಅಳೆಯುವ ನಳಿಕೆ. 1/72ರಲ್ಲಿ ಅದು ಗುಂಡುಸೂಜಿಗಿಂತ ತೆಳ್ಳಗಿರುತ್ತದೆ. ಅನುಭವಿಗಳು ಅದನ್ನು ಇಂಜೆಕ್ಷನ್ ಸೂಜಿಯ ಉಕ್ಕಿನಿಂದ ಮಾಡಿ, ಅಂಟಿಸದೆ ಸಣ್ಣ ರಂಧ್ರಕ್ಕೆ ಸಿಕ್ಕಿಸಿ, ಪೆಟ್ಟಿಗೆಗೆ ಇಳಿಸುವಾಗ ಕಳಚಿ ಮುಚ್ಚಳದ ಒಳಬದಿಗೆ ಪೊಟ್ಟಣದಲ್ಲಿ ಅಂಟಿಸಿಡುತ್ತಾರೆ.