ಎಲೆಯ ಜೋಡಣೆಯೇ ಗಿಡದ ಗುರುತು

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಹಿರಿಯರು ಸಹದೇವಿಯ ಕಷಾಯವನ್ನು ನೆನೆಯುವುದುಂಟು. ಗಿಡವನ್ನು ಕಿತ್ತು ತರುವ ಕೆಲಸವು ಸಾಮಾನ್ಯವಾಗಿ ಮಕ್ಕಳ ಪಾಲಿಗೆ ಬರುವುದು. ‘ನೇರಳೆ ಬಣ್ಣದ ಸಣ್ಣ ಹೂವಿನ ಗಿಡ’ ಎಂದಷ್ಟೇ ಹೇಳಿ ಕಳುಹಿಸಿದರೆ, ಮಗುವು ಬೇರೊಂದನ್ನು ತಂದರೂ ಅದರ ತಪ್ಪಲ್ಲ. ಅದೇ ಹೊಲದ ಬದುವಿನಲ್ಲಿ, ಹೆಚ್ಚುಕಡಿಮೆ ಅಂಥದೇ ಹೂಗೊಂಚಲನ್ನು ಹೊತ್ತು ನಿಲ್ಲುವ ಅಜಿರೇಟಮ್ ಎಂಬ ಕಳೆಯೊಂದುಂಟು.

ಇವೆರಡೂ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದುವು. ಎರಡಕ್ಕೂ ಸ್ವೀಡನ್ ದೇಶದ ಲಿನೇಯಸ್ ಪಂಡಿತನೇ 1753ರಲ್ಲಿ ಶಾಸ್ತ್ರೀಯ ನಾಮವನ್ನಿತ್ತನು. ಸಹದೇವಿಯು ನಮ್ಮಲ್ಲಿ ಬಹುಕಾಲದಿಂದ ಮದ್ದೆಂದು ಹೆಸರಾದುದು. ಕೇರಳದವರ ದಶಪುಷ್ಪಗಳಲ್ಲಿಯೂ ಅದಕ್ಕೆ ಸ್ಥಾನವುಂಟು. ಅಜಿರೇಟಮ್ ಆದರೋ ಅಮೆರಿಕದ ಉಷ್ಣಪ್ರದೇಶದಿಂದ ಬಂದುದು. ಯಕೃತ್ತಿಗೆ ಕೇಡುಮಾಡುವ ಆಲ್ಕಲಾಯಿಡ್ ಎಂಬ ದ್ರವ್ಯಗಳು ಅದರಲ್ಲಿರುವುವು. ಆದುದರಿಂದ ಇವುಗಳ ಭೇದವನ್ನರಿಯುವುದು ಕೇವಲ ವಿನೋದದ ಮಾತಲ್ಲ.

ಭೇದವನ್ನು ಕಾಣಬೇಕಾದರೆ ಹೂವನ್ನು ಬಿಟ್ಟು ಕಾಂಡವನ್ನು ನೋಡಬೇಕು. ಎಲೆ ಹುಟ್ಟುವ ಸ್ಥಳವೇ ಗೆಣ್ಣು. ಸಹದೇವಿಯಲ್ಲಿ ಒಂದು ಗೆಣ್ಣಿಗೆ ಒಂದೇ ಎಲೆ. ಅದರ ಮೇಲಿನ ಎಲೆಯು ಬೇರೊಂದು ಕಡೆಗೆ ಮುಖಮಾಡಿರುವುದು. ಅಜಿರೇಟಮ್ಮಿನಲ್ಲಿ ಒಂದು ಗೆಣ್ಣಿಗೆ ಎರಡೆಲೆಗಳು ಎದುರುಬದುರಾಗಿ ನಿಲ್ಲುವುವು. ಮೊದಲನೆಯ ಕ್ರಮಕ್ಕೆ ನಮ್ಮ ಹಿತ್ತಲಿನ ದಾಸವಾಳವೂ, ಎರಡನೆಯದಕ್ಕೆ ಅಂಗಳದ ತುಳಸಿಯೂ ಒಳ್ಳೆಯ ಉದಾಹರಣೆಗಳು.

ನೆಲವು ಸಾರವಾಗಿದ್ದರೆ ಎಲೆ ದೊಡ್ಡದಾಗುವುದು, ನೀರಿಲ್ಲದಿದ್ದರೆ ಸಣ್ಣದಾಗುವುದು. ಜೋಡಣೆಯು ಹೀಗೆ ಸುಲಭವಾಗಿ ಬದಲಾಗದು. ಕುಡಿಯ ತುದಿಯಲ್ಲಿ ಎಲೆಗಳು ಕಣ್ಣಿಗೆ ಕಾಣದಷ್ಟು ಸಣ್ಣ ಮೊಳಕೆಗಳಾಗಿರುವಾಗಲೇ ಆ ಕ್ರಮವು ಗೊತ್ತಾಗಿರುವುದು. ಆದರೆ ಒಂದು ಎಚ್ಚರಿಕೆ: ಅಜಿರೇಟಮ್ಮಿನಲ್ಲಿ ಹೂವಿನ ಸಮೀಪದ ಎಲೆಗಳು ಒಮ್ಮೊಮ್ಮೆ ಒಂಟಿಯಾಗಿರುವುದುಂಟು. ಆದಕಾರಣ ಕಾಂಡದ ನಡುಭಾಗವನ್ನೂ ಕೆಳಭಾಗವನ್ನೂ ನೋಡಿಯೇ ತೀರ್ಮಾನಿಸಬೇಕು.

ಒಂದೇ ಗುರುತನ್ನು ನಂಬುವುದೂ ವಿವೇಕವಲ್ಲ. ಸಹದೇವಿಯ ಮಾಗಿದ ಬೀಜಕ್ಕೆ ಬಿಳಿಯ ಕೂದಲಿನ ಕುಚ್ಚುಂಟು; ಅದು ಗಾಳಿಯಲ್ಲಿ ತೇಲಿಹೋಗುವುದು. ಅಜಿರೇಟಮ್ಮಿನ ಬೀಜಕ್ಕೆ ಐದು ಸಣ್ಣ ಹೊಟ್ಟಿನಂತಹ ಮುಳ್ಳುಗಳಿರುವುವು. ಅದರ ಎಲೆಯನ್ನು ಹೊಸಕಿದರೆ ಕಟುವಾದ ನಾತ ಬರುವುದು. ಇಷ್ಟು ನೋಡಿಯೂ ಸಂದೇಹವುಳಿದರೆ ಗಿಡವನ್ನು ಒಲೆಯ ಬಳಿಗೆ ತರಲೇಬಾರದು. ಗುರುತು ಖಚಿತವಾದರೂ ಮದ್ದನ್ನು ಕೊಡುವ ಮುನ್ನ ವೈದ್ಯರನ್ನು ಕೇಳಬೇಕು.

ಮುಂದಿನ ಸಲ ಮಕ್ಕಳನ್ನು ಬದುವಿಗೆ ಕಳುಹಿಸುವ ಮೊದಲು ತುಳಸಿಯ ಬಳಿಗೂ ದಾಸವಾಳದ ಬಳಿಗೂ ಕರೆದೊಯ್ದು, ಗೆಣ್ಣಿಗೆ ಎಲೆಗಳೆಷ್ಟೆಂದು ಎಣಿಸಲು ಕಲಿಸಿರಿ. ಆ ಪಾಠಕ್ಕೆ ಕಾಸಿನ ಖರ್ಚೂ ಇಲ್ಲ. ಅದರ ಫಲವು ಮಾತ್ರ ಬಹುಕಾಲ ಉಳಿಯುವಂಥದು.